ಹತ್ತರವರೆಗೆ ಹೋಗಲಾರದ ಹೆಬ್ಬೆರಳು

ಕೈ ಆರೈಕೆಯ ಮೊಬೈಲ್ ಆ್ಯಪ್ ಅವರ ಸನ್ನಿಧಿಗೆ,

ಮಾನ್ಯರೇ,

ಮೂಳೆ, ಕೀಲು ಯಾವುದರ ಹಂಗೂ ಇಲ್ಲದೆ ನನ್ನ ಫೋನಿನಲ್ಲಿ ಸುಖವಾಗಿ ನೆಲೆಸಿರುವ ತಮಗೆ, ಬಲ ಹೆಬ್ಬೆರಳಿನ ಬುಡದ ಕೀಲು ಸವೆದವಳೊಬ್ಬಳು, ಕೈ ಮುಗಿದರೆ ನೋಯುವ ಕಾರಣ, ತಲೆಯನ್ನಷ್ಟೇ ಬಾಗಿಸಿ ಮಾಡುವ ವಂದನೆಗಳು.

ನಾನು ಗ್ರಂಥಾಲಯವೊಂದರ ಹಿಂಬದಿಯ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವಳು. ಓದಿಸಿಕೊಂಡು ಓದಿಸಿಕೊಂಡು ಬೆನ್ನು ಮುರಿದುಕೊಂಡ ಕವನ ಸಂಕಲನಗಳೆಂದರೆ ನನಗೆ ವಿಶೇಷ ಮಮತೆ. ಎರಡು ಪದ್ಯ ಓದಿಯೇ ಸೂಜಿ ಎತ್ತುವುದು ನನ್ನ ರೂಢಿ. ಈಗ ಪದ್ಯ ಓದುತ್ತೇನೆ, ಸೂಜಿ ಏಳುವುದಿಲ್ಲ. ಬೆರಳಿಗೆ ಆಸರೆಯ ಪಟ್ಟಿ ಕಟ್ಟಿದರೆ ಕೆಲಸ ಉಳಿದೀತು ಎಂದ ಆಸ್ಪತ್ರೆಯ ಚಿಕಿತ್ಸಕಿ, ಮೊದಲು ಒಂದು ತಿಂಗಳ ನೋವಿನ ಲೆಕ್ಕ ನೋಡೋಣವೆಂದು ತಮ್ಮನ್ನು ನನಗೆ ಪರಿಚಯಿಸಿದರು.

ದಿನವೂ ಬೆಳಿಗ್ಗೆ ತಾವು "ಇಂದು ನೋವು ಎಷ್ಟಿದೆ?" ಎಂದು, ಮನೆಯಲ್ಲಿ ಬೇರಾರೂ ಕೇಳದಷ್ಟು ಅಕ್ಕರೆಯಿಂದ ಕೇಳುತ್ತೀರಿ. ಉತ್ತರಕ್ಕಾಗಿ ಪರದೆಯ ಮೇಲಿನ ದುಂಡು ಬೊಟ್ಟೊಂದನ್ನು ಒತ್ತಿಹಿಡಿದು ಸೊನ್ನೆಯಿಂದ ಹತ್ತರ ಕಡೆಗೆ ಎಳೆಯಬೇಕು. "ನೋವಿರುವ ಬೆರಳಿನಿಂದಲೇ ಎಳೆಯಿರಿ, ಅದೂ ಒಂದು ವ್ಯಾಯಾಮ" ಎಂಬುದು ತಮ್ಮ ಸೂಚನೆ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು ನನ್ನ ಕರ್ಮ. ಪರವಾಗಿಲ್ಲ ಅನ್ನಿಸಿದ ದಿನ ಬೆರಳು ಹೇಗೋ ಆರನ್ನು ಮುಟ್ಟುತ್ತಿತ್ತು. ಜೀವ ಹಿಂಡಿದ ದಿನ ಎರಡರಲ್ಲೇ ಸೋತು ಕೈಬಿಡುತ್ತಿತ್ತು. ತಾವು ಆ ಎರಡನ್ನೇ ದಾಖಲಿಸಿ, ಬಣ್ಣದ ಚೂರುಗಳನ್ನು ಹಾರಿಸಿ, "ಭೇಷ್!" ಎನ್ನುತ್ತಿದ್ದಿರಿ. ನೋವು ಏರಿದಷ್ಟೂ ಗುಣವಾಗಿಸುವ ಇಂಥ ವಿದ್ಯೆ ಯಾವ ವೈದ್ಯರಿಗೂ ಒಲಿದಿಲ್ಲ.

"ಮೂಗಿನಿಂದ ಎಳಿ, ಹೇಗೂ ಎಲ್ಲದರಲ್ಲೂ ತೂರಿಸ್ತೀಯಲ್ಲ" ಎಂದರು ನನ್ನವರು. "ನೋಯುತ್ತೆ ಅಂತ ಹೇಳೋಕೇನೇ? ಬಾಯಿ ಬಾಡಿಗೆಗೆ ಕೊಟ್ಟಿದ್ದೀಯಾ?" ಎಂದಳು ಅಕ್ಕ. ಬಾಯಿಂದ ಎಳೆಯಲು ತಮ್ಮಲ್ಲಿ ಅವಕಾಶವಿಲ್ಲವೆಂದು ತಮ್ಮ ಪರವಾಗಿ ನಾನೇ ವಾದಿಸಿದೆ.

ತಿಂಗಳ ಕೊನೆಗೆ ತಮ್ಮ ವರದಿ ಕಂಡು ಚಿಕಿತ್ಸಕಿ ಹಿಗ್ಗಿಹೋದರು. "ಎಷ್ಟು ಚೆನ್ನಾಗಿ ಇಳಿದಿದೆ ನೋಡಿ ಮೇಡಂ, ಪಟ್ಟಿ ಬೇಡವೇ ಬೇಡ!" ನನ್ನ ಸೂಜಿ, ದಾರ, ಸಂಬಳ ಎಲ್ಲವೂ ಕಣ್ಮುಂದೆ ಸುಳಿದವು. ಫೋನನ್ನು ಅವರೆದುರಿಗೇ ಹಿಡಿದು ಬೊಟ್ಟನ್ನು ಎಳೆಯತೊಡಗಿದೆ. ಎರಡಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು, ತಾವು "ಭೇಷ್!" ಎಂದಿರಿ. ಚಿಕಿತ್ಸಕಿ ಪಟ್ಟಿಗೆ ಅಳತೆ ನೋಡಲು ಟೇಪು ತೆಗೆದರು. ನನ್ನ ಪರವಾಗಿ ತಾವು ನುಡಿದ ಈ ಸಾಕ್ಷಿಗೆ ಚಿರಋಣಿ.

ತಮ್ಮಲ್ಲಿ ನನ್ನದೊಂದು ಸಣ್ಣ ಬಿನ್ನಹ. ದಯಮಾಡಿ ಒಂದು ಹೆಬ್ಬೆರಳನ್ನು ಬೆಳೆಸಿಕೊಳ್ಳಿ, ಕೀಲು ಸವೆದದ್ದಾದರೆ ಇನ್ನೂ ಒಳ್ಳೆಯದು. ಅದರಿಂದ ಬಾಟಲಿಯ ಮುಚ್ಚಳ ತಿರುಗಿಸಿ, ಒದ್ದೆ ಟವೆಲ್ ಹಿಂಡಿ, ಆಮೇಲೆ ಬೊಟ್ಟು ಎಳೆಯಿರಿ. ಭೇಷ್ ಎನ್ನಲು ನಾನು ಪಕ್ಕದಲ್ಲೇ ಇರುತ್ತೇನೆ.

ಹೊಸ ಪಟ್ಟಿಯ ಆಸರೆಯಲ್ಲಿ,
ತಮ್ಮ ವಿಶ್ವಾಸಿ,
ತಮ್ಮ ವರದಿಯಂತೆ ಪೂರ್ತಿ ಗುಣವಾದವಳು

ಮರೆತ ಮಾತು: ಇವತ್ತು ತಾವು ಐದು ನಕ್ಷತ್ರಗಳನ್ನು ಮುಂದಿಟ್ಟು ನನ್ನ ಮೆಚ್ಚುಗೆ ಕೇಳಿದಿರಿ. ಐದರವರೆಗೂ ಎಳೆಯಬೇಕೆಂದೇ ಹೊರಟೆ. ಬೆರಳು ಒಂದರಲ್ಲೇ ನಿಂತಿತು. ಕಡಿಮೆಯಾದಷ್ಟೂ ಪ್ರಗತಿ ಎನ್ನುವ ತಮ್ಮ ಲೆಕ್ಕದಲ್ಲಿ ಇದು ಸಂಭ್ರಮದ ಸುದ್ದಿಯೇ ಇರಬೇಕು. ಭೇಷ್!