ಹಗ್ಗದ ಬ್ರೇಕಿಗೆ ಖಂಡೆಪೂಜೆ

ಮಕ್ಕಳು ಆರಿಸಿಕೊಂಡ ವೃತ್ತಿಗೆ ಹೆತ್ತವರು ಬೆಂಬಲ ಕೊಡುವುದು ಹೇಗೆ ಎಂಬ ವಿಷಯದಲ್ಲಿ ನಾನು ತಜ್ಞನೆಂದು ಹೋದ ದಸರೆಯವರೆಗೂ ನಂಬಿದ್ದೆ. ಕೋಥರೂಡದ ನಮ್ಮ ಸೊಸೈಟಿಯ ಬೇರೆ ಅಪ್ಪಂದಿರಿಗೆ ಉಪದೇಶವನ್ನೂ ಮಾಡಿದ್ದೆ. ಈಗ ಅವರು ಎದುರಾದರೆ ಮೆಟ್ಟಿಲು ಹಿಡಿಯುತ್ತೇನೆ. ಲಿಫ್ಟಿಗೆ ಹೋಗುವುದಿಲ್ಲ. ಅದು ಕೆಳಗಿಳಿಯಲು ಶುರುಮಾಡುವ ಕ್ಷಣದಲ್ಲಿ ಹೊಟ್ಟೆಯೊಳಗೆ ಏನೋ ಜಾರುತ್ತದಲ್ಲ, ಅದು ನನಗೆ ಆಗಿಬರುವುದಿಲ್ಲ.

ನನ್ನ ಮಗಳು ಪಲ್ಲವಿ ಸಿವಿಲ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಐಟಿ ಕಂಪನಿಗಳಿರುವ ಖರಾಡಿಯ ಯಾವುದಾದರೂ ಗಾಜಿನ ಕಟ್ಟಡದಲ್ಲಿ ಅವಳಿಗೆ ಕೆಲಸ ಸಿಗಲೆಂದು ದೇವರಲ್ಲಿ ಬೇಡಿಕೊಂಡಿದ್ದೆ. ದೇವರು ಕೇಳಿಸಿಕೊಂಡ. ಕಟ್ಟಡದ ಒಳಗೆ ಎಂದು ಹೇಳಲು ನಾನು ಮರೆತಿದ್ದೆ.

"ಹಗ್ಗಕ್ಕ ಜೋತುಬಿದ್ದು ಎತ್ತರದ ಬಿಲ್ಡಿಂಗು, ಬ್ರಿಜ್ಜು ಎಲ್ಲಿ ಬಿರುಕು ಬಿಟ್ಟಾವ ಅಂತ ನೋಡೋ ಕೆಲಸ," ಎಂದಳು.

"ಕೆಳಗ ನಿಂತು ನೋಡಿದ್ರ ಆಗಂಗಿಲ್ಲೇನು?"

"ಕೆಳಗಿಂದ ಕಾಣೂದಿದ್ರ ನನ್ನ ಯಾಕ ಕರೀತಾರಪಾ?"

ಹೆಂಡತಿ ಸುನಂದಾ ನನ್ನನ್ನು ಅಡುಗೆಮನೆಗೆ ಕರೆದಳು. "ಅಕಿಗೆ ಭಾಳ ಮನಸ್ಸದ. ಅಡ್ಡ ಬರಬ್ಯಾಡ್ರಿ. ಒಂದೀಟು ಸಪೋರ್ಟ್ ಮಾಡ್ರಿ."

ಮಾಡಿದೆ.

ಮರಾಠಿ ಊರಿನಲ್ಲಿದ್ದರೂ ನಾವು ವಿಜಯಪುರದ ಕಡೆಯವರು. ಖಂಡೆಪೂಜೆಯ ದಿನ ಮನೆಗೆ ಅನ್ನ ಕೊಡುವ ಸಾಮಾನುಗಳನ್ನೆಲ್ಲ ದೇವರ ಮುಂದಿಟ್ಟು ಪೂಜಿಸುವುದು ಪದ್ಧತಿ. ನಮ್ಮಜ್ಜನ ತಕ್ಕಡಿ, ಸುನಂದಾಳ ಹೊಲಿಗೆ ಯಂತ್ರದ ಜೊತೆಗೆ ಈ ಸಲ ಪಲ್ಲವಿ ತರಬೇತಿಗೆಂದು ಕೊಂಡಿದ್ದ ಹಗ್ಗದ ಬ್ರೇಕನ್ನೂ ಇಡಲು ನಿರ್ಧರಿಸಿದೆ. ಇಳಿಯುವಾಗ ಹಗ್ಗವನ್ನು ಕಚ್ಚಿ ಹಿಡಿಯುವ, ಅಂಗೈಯಗಲದ ಲೋಹದ ಉಪಕರಣ ಅದು. ಅಪ್ಪನ ಒಪ್ಪಿಗೆಯನ್ನು ಸಾರಲು ಇದಕ್ಕಿಂತ ಗೌರವದ ದಾರಿ ನನಗೆ ಹೊಳೆಯಲಿಲ್ಲ. "ನನ್ನ ಸಾಮಾನಿಗೆ ಏನೂ ಹಚ್ಚಬ್ಯಾಡಪಾ," ಎಂದು ಅವಳು ಹೇಳಿಯೇ ಕಾಲೇಜಿಗೆ ಹೋಗಿದ್ದಳು. ಸಂಕೋಚದ ಹುಡುಗಿ ಎಂದುಕೊಂಡೆ.

ಪೂಜೆ ಸಾಂಗವಾಗಿ ನೆರವೇರಿತು. ಆಮೇಲೆ ನೋಡಿದರೆ ಕುಂಕುಮ ಬ್ರೇಕಿನ ಸಂದುಗಳಿಗೆಲ್ಲ ಇಳಿದಿತ್ತು. ಒಣಬಟ್ಟೆಯಲ್ಲಿ ಒರೆಸಿದೆ, ಬ್ರೇಕು ಗುಲಾಬಿ ಬಣ್ಣಕ್ಕೆ ತಿರುಗಿತು. ನೀರು ತಾಗಿಸಿದರೆ ತುಕ್ಕು ಹಿಡಿದೀತು. ನಾನೂ ಬಿ.ಎಸ್ಸಿ. ಮಾಡಿದವನು. ಆದ್ದರಿಂದ ಕೊಬ್ಬರಿ ಎಣ್ಣೆ ಹಚ್ಚಿದೆ, ಮೂಲೆಮೂಲೆಗೂ. ನಂತರ ಎಣ್ಣೆ ಕಾಣದ ಹಾಗೆ ಮೇಲ್ಮೈಯನ್ನು ಚೆನ್ನಾಗಿ ಉಜ್ಜಿದೆ. ಅದು ಫಳಫಳ ಹೊಳೆಯಿತು. ಒಳಗಿನ ಭಾಗ ಬೆಣ್ಣೆಯಂತೆ ಸರಿದಾಡಿತು. ಬ್ರೇಕು ಬೆಣ್ಣೆಯಂತೆ ಸರಿದಾಡಬಾರದು ಎಂಬುದು ನನ್ನ ಭೌತಶಾಸ್ತ್ರದ ಪಠ್ಯದಲ್ಲಿತ್ತು. ಪಾಸೂ ಆಗಿದ್ದೆ.

ಮುಂದಿನ ವಾರ ತಳೇಗಾಂವದ ತರಬೇತಿ ಕೇಂದ್ರದಲ್ಲಿ ಪಲ್ಲವಿಯ ಪರೀಕ್ಷೆ. ಪಾಸಾದರೆ ಮಾತ್ರ ಈ ಕೆಲಸ, ಇಲ್ಲವಾದರೆ ಇಲ್ಲ. ಬೆಂಬಲಕ್ಕೆ ನಾನೂ ಹೋದೆ. ತರಬೇತುದಾರ ಸಾವಂತ ಸರ್ ಅವಳ ಬ್ರೇಕನ್ನು ತಿರುಗಿಸಿ ನೋಡಿ, "ಏಕದಮ ನವಂ ದಿಸತಂಯ," ಎಂದರು. ಹೊಸದರಂತೆ ಕಾಣುತ್ತಿದೆಯಂತೆ. ನಾನು ಹೆಮ್ಮೆಯಿಂದ ನಕ್ಕೆ.

ಉಕ್ಕಿನ ಗೋಪುರದ ತುದಿಯಲ್ಲಿ ಪಲ್ಲವಿ ಹಗ್ಗದ ಮೇಲೆ ಭಾರ ಬಿಟ್ಟು ಹಿಂದಕ್ಕೆ ವಾಲಿದಳು. ಸರ್ರ್ ಎಂದಿತು. ಬ್ರೇಕಿನೊಳಗೆ ಹಗ್ಗ ಜಾರಿತು. ಬಿದ್ದಳು.

ಸುರಕ್ಷತೆಗೆಂದು ಕಟ್ಟಿದ್ದ ಎರಡನೆಯ ಹಗ್ಗವೊಂದು ಅವಳನ್ನು ಹಿಡಿಯಿತು. ಆ ಹಗ್ಗ, ಅದರ ಬ್ರೇಕು, ಎರಡೂ ಕೇಂದ್ರದವು; ನನ್ನ ಕೈ ಅವಕ್ಕೆ ತಾಗಿರಲಿಲ್ಲ. ಅವಳು ಗಾಳಿಯಲ್ಲಿ ಬುಗುರಿಯಂತೆ ತಿರುಗುತ್ತಿದ್ದಳು. ಬೂಟು ಕಂಬಕ್ಕೆ ಬಡಿದ ಸದ್ದು ಕೇಳಿತು. ಜಲ್ಲಿಕಲ್ಲುಗಳ ಮೇಲೆ ಕುಳಿತುಬಿಟ್ಟೆ.

ಅವಳನ್ನು ಇಳಿಸಿದ ಮೇಲೆ ಸಾವಂತ ಸರ್ ಬ್ರೇಕು ಬಿಚ್ಚಿ ಮೂಸಿದರು. "ಖೋಬರೇಲ ತೇಲ," ಎಂದರು. ಕೊಬ್ಬರಿ ಎಣ್ಣೆ. ತನ್ನ ಸಾಮಾನು ಕಾಯದವಳು ಹಗ್ಗಕ್ಕೆ ಲಾಯಕ್ಕಲ್ಲ, ಮನೆಗೆ ನಡೆ ಎಂದು ಮರಾಠಿಯಲ್ಲಿ ತಣ್ಣಗೆ ಹೇಳಿದರು. ಪಲ್ಲವಿ ನನ್ನ ಕಡೆ ಒಮ್ಮೆ ನೋಡಿದಳು. ತನ್ನ ಹಳದಿ ಹೆಲ್ಮೆಟ್ ಬಿಚ್ಚತೊಡಗಿದಳು.

ನಾನು ಎದ್ದೆ. ಆಫೀಸಿನಲ್ಲಿ ಗಂಟೆಗಟ್ಟಲೆ ಮರಾಠಿ ಮಾತಾಡುವವನ ಬಾಯಲ್ಲಿ ಆಗ ಉಳಿದಿದ್ದು ಇಷ್ಟೇ: "ಮೀ. ಪೂಜಾ ಕೇಲೀ." ನಾನೇ, ಪೂಜೆ ಮಾಡಿದೆ.

"ಪೂಜಾ?"

"ತೇಲ ಪಣ ಮೀಚ." ಎಣ್ಣೆಯೂ ನಾನೇ.

ಸಾವಂತ ಸರ್ ಬ್ರೇಕನ್ನು ಪಕ್ಕಕ್ಕಿಟ್ಟರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಮಗಳ ಕಡೆ ತಿರುಗಿ, ಕೇಂದ್ರದ ಸಾಮಾನು ತೊಟ್ಟು ಮತ್ತೆ ಹತ್ತುತ್ತೀಯಾ ಎಂದು ಕೇಳಿದರು. ಅವಳು ಹೆಲ್ಮೆಟ್ಟನ್ನು ಮತ್ತೆ ತಲೆಗೇರಿಸಿಕೊಂಡಳು.

"ಹೋ ಸರ್," ಎಂದಳು. ಹತ್ತುತ್ತಾಳಂತೆ.

"ಬ್ಯಾಡವಾ," ಎಂದೆ ನಾನು. ಬೆಂಬಲ ಅಲ್ಲಿಗೆ ಮುಗಿದಿತ್ತು.

ಅವಳು ನನ್ನನ್ನು ಗೇಟಿನವರೆಗೆ ಕೈಹಿಡಿದು ನಡೆಸಿದಳು. "ಅಪ್ಪಾ, ನೀ ಹೊರಗ ನಿಂದ್ರು. ಸಿಟ್ಟಿಲ್ಲ ನನಗ. ನೀ ಒಳಗಿದ್ರ ನಾ ನಿನ್ನ ನೋಡ್ತೀನಿ. ನಾ ಹಗ್ಗ ನೋಡಬೇಕು."

ಹೊರಗಿನಿಂದ ಗೋಪುರದ ತುದಿಯಷ್ಟೇ ಕಾಣುತ್ತಿತ್ತು. ಅಲ್ಲಿ ಹಳದಿ ಹೆಲ್ಮೆಟ್ ಒಂದು ಮೂಡಿತು, ಹಿಂದಕ್ಕೆ ವಾಲಿತು, ನಿಧಾನವಾಗಿ ಕಾಂಪೌಂಡ್ ಗೋಡೆಯ ಹಿಂದೆ ಮರೆಯಾಯಿತು. ನಾನು ಆ ಸರ್ರ್ ಸದ್ದಿಗೆ ಕಿವಿಗೊಟ್ಟೆ. ಕೊನೆಗೆ ಒಳಗಿನಿಂದ ಅವಳದೇ ಧ್ವನಿ: "ಖಾಲೀ ಆಲೇ, ಸರ್." ಕೆಳಗೆ ಬಂದಿದ್ದಳು.

ಸುನಂದಾ ಫೋನ್ ಮಾಡಿದಳು. "ಪಾಸಾದ್ಲೇನ್ರಿ?"

"ಇನ್ನೂ ಹೇಳಿಲ್ಲ. ಆಗ್ತಾಳ."

"ನೀವೇನು ಮಾಡಿದ್ರಿ?"

"ಗೇಟಿನ ಹೊರಗ ನಿಂತಿದ್ದೆ."

"ಅಷ್ಟು ಮಾಡಿದ್ರಲ್ಲ," ಎಂದಳು, ಏನೂ ತಿಳಿಯದ ಆಕೆ. "ಸಾಕು, ಬರ್ರಿ ಮನಿಗೆ."