ಕಡಲೆ ರಾಶಿಯ ಮೇಲೆ ಬೋರಲು ಬಿದ್ದ ನನ್ನ ಮುಖದ ಕುರಿತು

ನರಗುಂದದ ದ್ಯಾಮೇಶಣ್ಣನ ಚಹಾದಂಗಡಿ ಕಟ್ಟೆಯ ಮೇಲೆ ಮುಂಜಾನೆಯಿಂದಲೇ ವಿರಾಜಮಾನರಾಗುವ ಸಮಸ್ತ ಹಿರಿಯರ ಸನ್ನಿಧಿಗೆ,

ಮಾನ್ಯರೇ, ಊರಿನ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಗೌತಮಿಯ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಚಹಾ ಬಿಸಿಯಾಗಿಯೂ ಅಭಿಪ್ರಾಯ ಅದಕ್ಕಿಂತ ಬಿಸಿಯಾಗಿಯೂ ಇರುವುದೆಂದು ನಂಬಿದ್ದೇನೆ.

ಹೋದ ವರ್ಷದವರೆಗೆ ಇದನ್ನು ಬಟ್ಟೆ ಒಗೆಯುವ ಬಡಿಗೆಯ ಆಟವೆಂದು ನಗುತ್ತಿದ್ದ ತಾವು, ನಾವು ರೋಣದವರನ್ನು ಸೋಲಿಸಿದ ದಿನವೇ ಅದರ ಪಂಡಿತರಾದದ್ದು ಸಾಮಾನ್ಯ ಸಾಧನೆಯಲ್ಲ. "ಇಕಿದು ಕೈ ಅಲ್ರಿ, ಬಂದೂಕ" ಎಂದು ಸಾರಿ, ಮನೆಮನೆಗೆ ಪಟ್ಟಿ ಎತ್ತಿ ರೊಕ್ಕ ಕೂಡಿಸಿ, ನನ್ನ ಮುಖವನ್ನು ಚಕ್ಕಡಿಯಷ್ಟು ದೊಡ್ಡದಾಗಿ ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿ ಅಂಗಡಿಯ ಮೇಲೆ ಕಟ್ಟಿದಿರಿ. ನಮ್ಮವ್ವ ಆ ವಾರವೆಲ್ಲ ಎಲ್ಲಿಗೆ ಹೊರಟರೂ ಸುತ್ತು ಹಾಕಿಕೊಂಡು ಅದರ ಮುಂದೆಯೇ ಹಾಯ್ದು ಹೋದಳು.

ಆಮೇಲೆ ಶಿರೋಳದ ಹುಡುಗಿಯೊಬ್ಬಳು ನನ್ನ ಒಂದೇ ಒಂದು ಎಸೆತವನ್ನು ಶಾಲೆಯ ಗೋಡೆಯಾಚೆ ಕಳಿಸಿದಳು, ನಾವು ಸೋತೆವು. "ನಾ ಮೊದ್ಲ ಹೇಳಿದ್ದಿಲ್ಲೇನ್ರಿ, ಆ ಕೈಯಾಗ ದಮ್ಮಿಲ್ಲಂತ" ಎಂದು ಅಂದು ಸಂಜೆ ಅದೇ ಬಾಯಿಗಳು ನುಡಿದವು. ಫ್ಲೆಕ್ಸು ಕೆಳಗಿಳಿದು ಪಕ್ಕದ ದಲಾಲಿ ಅಂಗಡಿಯ ಕಡಲೆ ರಾಶಿಗೆ ತಾಡಪತ್ರಿಯಾಗಿ ಬೋರಲು ಬಿತ್ತು. ಮುಂದಿನ ಪಂದ್ಯ ಗೆದ್ದಾಗ ಮೂಗಿಗೆ ಹೊಟ್ಟು ಮೆತ್ತಿಕೊಂಡೇ ಮತ್ತೆ ಮೇಲೇರಿತು, ಅದರ ಮುಂದಿನದು ಸೋತಾಗ ಮತ್ತೆ ರಾಶಿ ಸೇರಿತು. ಇಷ್ಟು ಚುರುಕಾದ ಆಡಳಿತವನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಇದನ್ನೆಲ್ಲ ನಗುತ್ತಲೇ ನೋಡುತ್ತಿದ್ದೆ. ಆದರೆ ನಮ್ಮ ಕೋಚ್ ಸಿದ್ದಾರೂಢ ಸರ್ ತಮ್ಮ ಕಟ್ಟೆಯಲ್ಲೇ ಚಹಾ ಕುಡಿಯುವುದರಿಂದ, ಅಂಕಗಳ ಲೆಕ್ಕದಲ್ಲಿ ನಾವು ಹೇಗೋ ಮುಟ್ಟಿದ, ರವಿವಾರ ಗಜೇಂದ್ರಗಡದ ಎದುರಿನ ಫೈನಲ್ಲಿನಲ್ಲಿ ನನ್ನ ಕೈಗೆ ಚೆಂಡು ಕೊಡಬಾರದೆಂದು ಅಲ್ಲೇ ತೀರ್ಮಾನವಾಗಿದೆಯಂತೆ. ಇದಕ್ಕೆ ಮಾತ್ರ ನನಗೆ ಖರೇನೇ ಅಳು ಬಂತು.

ಆದಕಾರಣ ಫ್ಲೆಕ್ಸಿಗೆ ಒಂದು ರಾಟೆ, ಒಂದು ಹಗ್ಗ ಕಟ್ಟಿಸಬೇಕೆಂದು ವಿನಂತಿ; ದ್ಯಾಮೇಶಣ್ಣ ಒಂದು ಕೈಯಲ್ಲಿ ಚಹಾ ಸೋಸುತ್ತ ಇನ್ನೊಂದು ಕೈಯಲ್ಲಿ ನನ್ನ ಕೀರ್ತಿಯನ್ನು ಏರಿಸಿ ಇಳಿಸಲಿ. ಜೊತೆಗೆ ಶನಿವಾರ ಮುಂಜಾನೆ ತಾವೆಲ್ಲ ಧೋತರ ಎತ್ತಿ ಕಟ್ಟಿ, ದಾಂಡು ಹಿಡಿದು ಮೈದಾನಕ್ಕೆ ಚಿತ್ತೈಸಬೇಕು. ತಮ್ಮಲ್ಲಿ ಒಬ್ಬರಾದರೂ ನನ್ನ ಚೆಂಡಿಗೆ ದಾಂಡು ತಾಗಿಸಿದರೆ ಫೈನಲ್ಲಿನ ದಿನ ನಾನೇ ಕಡಲೆ ರಾಶಿ ಕಾಯುತ್ತೇನೆ.

ತಮ್ಮ ವಿಶ್ವಾಸಿ, ಈ ಸಂಜೆಯ ಚಹಾದವರೆಗಾದರೂ,
ಗೌತಮಿ

ತಾ.ಕ.: ನಿನ್ನೆ ಏಕಾಏಕಿ ಮಳೆ ಬಂದಾಗ ಸಿದ್ದಾರೂಢ ಸರ್ ಸಮೇತ ತಾವೆಲ್ಲ ರಾಶಿಯ ಮೇಲಿನ ಆ ಫ್ಲೆಕ್ಸನ್ನೇ ಎಳೆದು ತಲೆಯ ಮೇಲೆ ಹಿಡಿದು ನಿಂತದ್ದನ್ನು ಎದುರಿನಿಂದ ನೋಡಿದೆ. ಕಡಲೆ ತೊಯ್ದಿತು, ನನ್ನ ಮುಖ ತೊಯ್ದಿತು, ತಾವು ಮಾತ್ರ ತೊಯ್ಯಲಿಲ್ಲ. ಅಷ್ಟು ಹೊತ್ತೂ ನನ್ನ ಎಸೆತದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ರವಿವಾರವೂ ಮೋಡವಿರುತ್ತದಂತೆ.