ಕಾಕಾನ ಸದ್ದಿಲ್ಲದ ಡಬ್ಬಿ

ನಮ್ಮ ಯರಗುಪ್ಪಿಯಲ್ಲಿ ಸದ್ದಿನ ಮೇಲೆ ಹಗೆ ಸಾಧಿಸುವ ಮನುಷ್ಯ ಒಬ್ಬನೇ ಒಬ್ಬ, ಅವನು ನಮ್ಮ ಕಾಕಾ. ದೇವರು ಈತನಿಗೆ ಎರಡು ಕಿವಿ ಕೊಟ್ಟದ್ದು ಕೇಳಲಿಕ್ಕಲ್ಲ, ಸಿಟ್ಟಾಗಲಿಕ್ಕೆ! ಮಿಕ್ಸರ್ ಹಚ್ಚಿದರೆ ಸಿಟ್ಟು, ಬಾಜು ಮನೆಯ ಎಮ್ಮೆ ಒದರಿದರೆ ಸಿಟ್ಟು, ರೊಟ್ಟಿ ಬಡಿದರೂ ಸಿಟ್ಟು. "ಬಡೀದ ರೊಟ್ಟಿ ಹೆಂಗ ಮಾಡ್ಲಿರಿ?" ಎಂದು ಚಿಗವ್ವ ಕೇಳಿದರೆ, "ಮೆತ್ತಗ ಬಡಿ" ಎಂಬ ಉತ್ತರ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ಈತನ ಹೆಂಡತಿ. ಮೆತ್ತಗೆ ಬಡಿದ ಜೋಳದ ರೊಟ್ಟಿ ಚಕ್ಕಡಿ ಗಾಲಿಯಷ್ಟು ದಪ್ಪವಾಗುತ್ತಿತ್ತು. ಅದನ್ನು ತಿಂದು ಮತ್ತೆ ಬೈಯುವವನೂ ಇವನೇ.

ಚಿಗವ್ವನೋ, ಒಡಪು ಹೇಳುವುದರಲ್ಲಿ ಸುತ್ತ ಹಳ್ಳಿಗೆಲ್ಲ ಹೆಸರಾದವಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವಂತಿಲ್ಲ. ಮದುವೆ, ಸೀಮಂತಗಳಲ್ಲಿ ಪ್ರಾಸದ ಎರಡು ಸಾಲಿನೊಳಗೆ ಹೆಣೆದು ಹೇಳಬೇಕು, ಅದೇ ಒಡಪು. ಆಕೆ ಹೊಸ್ತಿಲಲ್ಲಿ ನಿಂತು ಒಡಪು ಶುರು ಮಾಡಿದರೆ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಕಾಕಾ? ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದ. "ಸಾಕು ಸುಮ್ನಿರಬೇ, ನನ್ನ ಹೆಸರು ಸವದು ಹೋದೀತು!" ಲಗ್ನವಾದಾಗಿನಿಂದ ಆ ಹೆಣ್ಣುಮಗಳು ಈತನ ಬಾಯಿಂದ ಕೇಳಿದ್ದು ಇದೊಂದೇ ಮಾತು, ಸುಮ್ನಿರು.

ಹೋದ ವರ್ಷ ಚಿಗವ್ವನ ಗಂಟಲಲ್ಲಿ ಗಂಟು ಕಾಣಿಸಿತು. ದನಿ ಇಳಿಯುತ್ತಾ ಇಳಿಯುತ್ತಾ ಪಿಸುಮಾತಾಯಿತು. ಹುಬ್ಬಳ್ಳಿಯ ಡಾಕ್ಟರು, "ಆಪರೇಷನ್ ಮಾಡಿದ್ರ ಜೀವಕ್ಕ ಅಂಜಿಕಿಲ್ರಿ, ದನಿ ಉಳೀತೈತಿ ಅಂತ ಮಾತ್ರ ಹೇಳಾಕ ಆಗೂದಿಲ್ಲ" ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದೇನು ಗೊತ್ತೇ? "ನೀ ಸಾಲ್ಯಾಗ ಕಂಪ್ಯೂಟರ್ ಕಲಸ್ತೀ ಅಲಾ, ಫ್ಯಾನ್ ಇಲ್ಲದ ಕಂಪ್ಯೂಟರ್ ಇರತೈತೇನ?"

ಕಾಕಾ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಊರವರಿಗೆ ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಾನೆ. ಅದರ ಪಕ್ಕದಲ್ಲೇ ಒಣಮೆಣಸಿನಕಾಯಿ ಚೀಲ. ಫ್ಯಾನು ತಿರುಗಿದರೆ ಬರ್ ಎಂಬ ಸದ್ದಿನ ಜೊತೆ ಖಾರದ ಘಾಟೂ ಎದ್ದು, ಬಂದ ಬೀಗರು ಸೀನಿ ಸೀನಿ ಕಣ್ಣೀರಿಡುತ್ತಾರೆ. ಹೆಣ್ಣು ಕೊಡಲು ಇವರಿಗೆ ಮನಸ್ಸಿಲ್ಲ ಎಂದುಕೊಳ್ಳಬೇಕು ನೋಡಿದವರು! ಇಷ್ಟು ವರ್ಷ ಇಲ್ಲದ್ದು, ಹೆಂಡತಿಯ ದನಿ ಹೋಗುವ ಹೊತ್ತಿಗೇ ಇವನಿಗೆ ಫ್ಯಾನಿನ ದನಿ ಅಡ್ಡ ಬಂತೇ? ನನಗೆ ಮೈಯೆಲ್ಲ ಉರಿಯಿತು.

ಮೊದಲು ಫ್ಯಾನಿನೊಳಗೆ ಕಸಬರಿಗೆ ಕಡ್ಡಿ ಸಿಕ್ಕಿಸಿದ. ಸದ್ದು ನಿಂತಿತು. ತುಸು ಹೊತ್ತಿಗೆ ಕಂಪ್ಯೂಟರೂ ನಿಂತಿತು, ಪತ್ರಿಕೆಯೊಳಗಿನ ವಧೂವರರಿಬ್ಬರೂ ಅರ್ಧಕ್ಕೇ ಮಾಯ! ಪ್ರೊಸೆಸರ್ ವಿಪರೀತ ಕಾದರೆ ಯಂತ್ರ ತಾನೇ ಆರಿಬಿಡುತ್ತದೆ, ಫ್ಯಾನ್ ಬೇಡವೆಂದರೆ ಬಿಸಿಯನ್ನು ತಾಮ್ರದ ಕೊಳವೆಗಳಿಂದ ಮೇಲೆಳೆದು ಲೋಹದ ಹಾಳೆಗಳಿಗೆ ಹರಡುವ ಬೇರೆ ಕೂಲರ್ ಬೇಕು ಎಂದು ಬಾಯಿತಪ್ಪಿ ತಿಳಿಸಿ ಹೇಳಿದೆ. ಹೇಳಿದ ತಪ್ಪಿಗೆ ಹುಬ್ಬಳ್ಳಿಗೆ ಜೊತೆಗೆ ಹೋಗಬೇಕಾಯಿತು.

ಅಂಗಡಿಯವ ಬಣ್ಣಬಣ್ಣದ ದೀಪ ಮಿನುಗುವ ಫ್ಯಾನುಗಳನ್ನು ತಂದಿಟ್ಟ. "ಅಗದಿ ಸೈಲೆಂಟ್ ಅದಾವ್ರಿ." ಕಾಕಾ ಕಿವಿಗೆ ಹಚ್ಚಿಕೊಂಡು ನೋಡಿದ. "ಸದ್ದ ಕಮ್ಮಿ ಇದ್ದದ್ದಲ್ಲೋ ತಮ್ಮಾ, ಸದ್ದ ಇಲ್ಲದ್ದು ತೋರಸು." ಕಡೆಗೆ ಒಳಗಿನಿಂದ ಫ್ಯಾನಿಲ್ಲದವು ಎರಡು ಬಂದವು. ಗಿಡ್ಡನೆಯದು ಕಂಪ್ಯೂಟರಿನ ಡಬ್ಬಿಯೊಳಗೆ ಕೂರುತ್ತಿತ್ತು, ಆದರೆ ನಮ್ಮ ಪ್ರೊಸೆಸರಿನ ಬಿಸಿ ತಡೆಯುವ ತಾಕತ್ತು ಅದಕ್ಕಿರಲಿಲ್ಲ. ಎತ್ತರದ್ದು ಬೆಲ್ಲದ ಪೆಂಟೆಯಷ್ಟು ದೊಡ್ಡದು, ಅದನ್ನು ಕೂಡಿಸಿದರೆ ಡಬ್ಬಿಯ ಬಾಗಿಲು ಮುಚ್ಚುವಂತಿರಲಿಲ್ಲ. ಕಾಕಾ ಗೇಣು ಹಾಕಿದ, ಕೈಯಲ್ಲಿ ತೂಗಿದ, ಹಾಳೆಗಳ ನಡುವೆ ಉಫ್ ಎಂದು ಊದಿದ. ಲಗ್ನಕ್ಕೆ ಮುಂಚೆ ಚಿಗವ್ವನನ್ನು ಹೆಣ್ಣು ನೋಡಲು ಹೋದಾಗ ಈತ ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತೂ ಕೂತಿರಲಿಲ್ಲವಂತೆ! ಇಲ್ಲಿ ಮಧ್ಯಾಹ್ನವೆಲ್ಲ ಕಳೆದು, "ವಿಚಾರ ಮಾಡಿ ಬರ್ತೀವಿ" ಎಂದು ಎದ್ದ.

ಅತ್ತ ಆಪರೇಷನ್ ಹತ್ತಿರ ಬರುತ್ತಿತ್ತು. ಬಸ್ಸಿನಲ್ಲಿ ನಾನು ಸಿಡಿದೆ. "ಆಕಿ ದನಿ ಹೊಂಟೈತಿ, ನಿನಗ ಡಬ್ಬಿ ಚಿಂತಿ! ತಡಿ, ಮನಿ ತುಂಬ ಪುಕ್ಕಟ ಶಾಂತಿ ಸಿಗತೈತಿ ನಿನಗ!"

ಕಾಕಾ ಕಿಟಕಿಯಾಚೆಯ ಎರೆಹೊಲ ನೋಡುತ್ತಾ ಕುಳಿತ.

ಮರುದಿನ ನೋಡಿದರೆ ಪಡಸಾಲೆಯಲ್ಲಿ ಅಂಗಾತ ಮಲಗಿ ಮಾಳಿಗೆಯ ಬೆಳಕಿಂಡಿ ದಿಟ್ಟಿಸುತ್ತಿದ್ದ. "ಒಲಿ ಹೊಗಿ ಇದರಾಗಿಂದ ತಾನ ಮ್ಯಾಲ ಹೋಗತೈತಿ. ಯಾವ ಫ್ಯಾನ್ ಐತಿ ಅದಕ್ಕ? ದೊಡ್ಡದ ತರೂಣು. ಹಾಳಿ ನಿಂತಂಗ ಕೂಡಸೂಣು, ಡಬ್ಬಿ ನೆತ್ತಿಗೆ ಕಿಂಡಿ ಕೊರಸೂಣು." ಹಾಗೇ ಮಾಡಿಸಿದ. ಅದರೊಳಗೆ ಕರೆಂಟು ಹರಿಸುವ ಪೆಟ್ಟಿಗೆಯನ್ನೂ ಫ್ಯಾನಿಲ್ಲದ್ದೇ ಹಾಕಿಸಿದ. ಬಾಗಿಲಿಲ್ಲದ, ನೆತ್ತಿ ತೂತಾದ ಆ ಕಂಪ್ಯೂಟರ್ ಉಸಿರೂ ಬಿಡದೆ ಓಡಿತು. ಹೊಸ ಸಾಮಾನಿಗೆ ಧೂಳು ಬೀಳಬಾರದೆಂದು ಚಿಗವ್ವ ಅದಕ್ಕೆ ಕೌದಿ ಹೊದಿಸಿದಳು, ಕಾದು ಆರಿಹೋಯಿತು! ಬಂತು ನೋಡು ಬೈಗುಳ ಎಂದು ನಾನು ಕಾದೆ. ಕಾಕಾ ಕೌದಿ ತೆಗೆದು ಆಕೆಯ ಹೆಗಲಿಗೇ ಹೊದಿಸಿದ.

ಆಪರೇಷನ್ನಿನ ಹಿಂದಿನ ದಿನ ನನಗೆ ಕರೆ ಬಂತು. ಹೋದರೆ ಬಾಜು ಮನೆಯ ಎಮ್ಮೆಯನ್ನು ಕೆರೆಗೆ ಅಟ್ಟಿಯಾಗಿತ್ತು, ಫ್ರಿಜ್ಜಿನ ವಾಯರ್ ಕಿತ್ತಾಗಿತ್ತು. ಕಾಕಾ ಕೈಗಡಿಯಾರ ಬಿಚ್ಚಿ ಹೊರಗಿನ ಕಟ್ಟೆಯ ಮೇಲಿಟ್ಟು ಬಂದ. ಚಿಗವ್ವನ ಮುಂದೆ ಆ ಕಂಪ್ಯೂಟರಿಗೆ ಹಚ್ಚಿದ ಒಂದು ಮೈಕು ಇತ್ತು.

"ಇದಕ್ಕ ಇಷ್ಟೆಲ್ಲ? ಫೋನಿನ್ಯಾಗ ರೆಕಾರ್ಡ್ ಆಗತಿರಲಿಲ್ಲೇನ?" ಎಂದೆ.

"ಮಾಡಿ ನೋಡೀನಿ. ಆಕಿ ದನೀನ ಗದ್ದಲ ಅಂತ ತಿಳಕೊಂಡು ಅಳಿಸಿಬಿಡತೈತಿ, ಮೂಳ ಫೋನು."

ನಿನ್ನಿಂದಲೇ ಕಲಿತಿರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾಕಾನ ಮುಖ ನೋಡಿ ನುಂಗಿಕೊಂಡೆ.

"ಏನ್ ಹೇಳ್ಲಿರಿ?" ಎಂದು ಚಿಗವ್ವ ಪಿಸುಗುಟ್ಟಿದಳು.

"ನನ್ನ ಹೆಸರ ಹೇಳು."

ಆಕೆ ಗಂಡನನ್ನೇ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಇದ್ದಷ್ಟು ದನಿಯಲ್ಲಿ ಹೇಳಿದಳು. "ಅಂಗಳದಾಗ ಒಣಗ್ಯಾವ ಕೆಂಪು ಮೆಣಸಿನಕಾಯಿ, ಎಷ್ಟ ಬೈದರೂ ನಮ್ಮ . . . ರಾಯರ ಮನಸು ಎಳಿ ಸೌತಿಕಾಯಿ." ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಆಕೆಯ ಹಕ್ಕು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಜೀವಮಾನವೆಲ್ಲ ಬೇಡಿದ ಶಾಂತಿ ಕಾಕಾನ ಮನೆಗೆ ಬಂತು, ಈಗ ಆತನಿಗೆ ಅದನ್ನು ತಾಳಲಾಗುತ್ತಿಲ್ಲ. ದಿನಾ ಸಂಜೆ ಆ ತೂತು ನೆತ್ತಿಯ ಡಬ್ಬಿ ಹಚ್ಚಿ ಒಡಪು ಹಾಕುತ್ತಾನೆ. ತನ್ನ ಹೆಸರು ಕೇಳಿದ ಕೂಡಲೇ, "ಓ... ಇಲ್ಲೇ ಅದೀನಿ, ಹೇಳಬೇ" ಎಂದು ಓಗೊಡುತ್ತಾನೆ. ಎದುರಿಗೇ ಕುಳಿತ ಚಿಗವ್ವ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ, ಸದ್ದಿಲ್ಲದೆ.